ಮೇಷ್ಟ್ರೇ, ಫೋನಿನಲ್ಲಿ ಪಿಯಾನೊ ಆಡಿದರೆ ಸಂಗೀತ ಬರುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಂಗೀತದ ವಿಡಿಯೊ ಗೇಮ್‌ಗಳ ಬಗ್ಗೆಯೇ ಇವೆ. ಮಳೆ ರಜೆಯಲ್ಲಿ ಮಕ್ಕಳೆಲ್ಲ ಮನೆಯಲ್ಲೇ ಇದ್ದರಲ್ಲ, ಅದಕ್ಕೇ ಇರಬೇಕು. ಮಿಕ್ಕ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ತೆಗೆದುಕೊಂಡಿದ್ದೇನೆ. ನಾನು ಶಿವಮೊಗ್ಗದಲ್ಲಿ ಮೃದಂಗ ಪಾಠ ಹೇಳಿಕೊಡುವವನು. ಶಿಷ್ಯರ ಜೊತೆ ಕೂತು ಈ ಆಟಗಳನ್ನು ಆಡುತ್ತೇನೆ, ಇಷ್ಟಪಟ್ಟೇ ಆಡುತ್ತೇನೆ.

ಪ್ರಶ್ನೆ: ನನ್ನ ಮಗ ಏಳನೇ ಕ್ಲಾಸು. ಫೋನಿನಲ್ಲಿ ಕಪ್ಪು ಪಟ್ಟಿ ಒತ್ತುತ್ತಾ ಹೋಗುವ ಪಿಯಾನೊ ಆಟ ಹಿಡಿದನೆಂದರೆ ಊಟಕ್ಕೂ ಏಳುವುದಿಲ್ಲ. ಕೇಳಿದರೆ ‘ಸಂಗೀತ ಕಲೀತಿದೀನಿ ಅಮ್ಮ’ ಅಂತಾನೆ. ನಿಜವಾಗ್ಲೂ ಕಲೀತಾನಾ, ಇಲ್ಲಾ ಸುಮ್ನೆ ನನ್ನ ಬಾಯಿ ಮುಚ್ಚಿಸೋಕೆ ಹೇಳ್ತಾನಾ?
— ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಅಮ್ಮಾ, ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ. ಆದರೆ ಅವನು ಕಲಿಯುತ್ತಿರುವುದು ಪಿಯಾನೊ ಅಲ್ಲ.

ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ಪರದೆ ಮೇಲೆ ನಾಲ್ಕು ಸಾಲು. ಮೇಲಿನಿಂದ ಕಪ್ಪು ಪಟ್ಟಿಗಳು ಇಳಿದು ಬರುತ್ತವೆ. ಒಂದನ್ನು ಮುಟ್ಟಿದರೆ ಹಾಡಿನ ಮುಂದಿನ ಸ್ವರ ನುಡಿಯುತ್ತದೆ. ಬಿಳಿ ಜಾಗ ಮುಟ್ಟಿದರೆ ಆಟ ಮುಗಿಯಿತು. ಪಟ್ಟಿ ಎಡಗಡೆ ಇರಲಿ, ಬಲಗಡೆ ಇರಲಿ, ನುಡಿಯುವುದು ಮುಂದಿನ ಸ್ವರವೇ. ಹಾರ್ಮೋನಿಯಂನಲ್ಲಿ ಹಾಗಲ್ಲ, ‘ಪ’ ಬೇಕಾದರೆ ‘ಪ’ ಇರುವ ಕಡೆಗೇ ಬೆರಳು ಹೋಗಬೇಕು. ಇಲ್ಲಿ ಸ್ವರದ ಜವಾಬ್ದಾರಿಯನ್ನು ಫೋನೇ ಹೊತ್ತುಕೊಂಡಿದೆ. ಹುಡುಗನ ಪಾಲಿಗೆ ಉಳಿದಿರುವುದು ಯಾವಾಗ ಒತ್ತಬೇಕು ಅನ್ನೋದು ಮಾತ್ರ. ಅಂದರೆ ಕಾಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಲಯ.

ಅದೇನು ಸಣ್ಣ ಸಂಗತಿ ಅಲ್ಲ. ಏನಾದರೂ ಕಂಡ ಮೇಲೆ ಬೆರಳು ಅಲ್ಲಾಡಿಸಲು ಮನುಷ್ಯನಿಗೆ ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಜಪಾನಿನ ಕೊನಾಮಿ ಕಂಪನಿ 1998ರಲ್ಲಿ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ ಅಂತ ಒಂದು ಆಟ ತಂದಿತು. ನೆಲದ ಮೇಲೆ ನಾಲ್ಕು ಬಾಣದ ಗುರುತು, ಹಾಡಿಗೆ ಸರಿಯಾಗಿ ಅವನ್ನು ತುಳಿಯಬೇಕು. ಈ ಸಾಲಿನ ಆಟಗಳಲ್ಲಿ ಎಲ್ಲಕ್ಕಿಂತ ಮೇಲಿನ ಅಂಕ ಬೇಕಾದರೆ ಹೆಜ್ಜೆ ಸೆಕೆಂಡಿನ ಅರವತ್ತನೇ ಒಂದು ಭಾಗದಷ್ಟು ಮಾತ್ರ ಹಿಂದುಮುಂದಾಗಬಹುದು. ಬಾಣ ಗೆರೆ ಮುಟ್ಟಿದ್ದನ್ನು ಕಂಡ ಮೇಲೆ ಕಾಲಿಟ್ಟರೆ ತಡವಾಗಿಯೇ ಹೋಗಿರುತ್ತದೆ. ಹಾಡಿನ ನಡೆ ಮೊದಲೇ ಮೈಯೊಳಗೆ ಕೂತಿರಬೇಕು. ಆಗ ಮಾತ್ರ ಕಾಲು ತಾನಾಗಿ ಸಮಯಕ್ಕೆ ಬೀಳುತ್ತದೆ. ಮಕ್ಕಳಿಗೆ ಆದಿತಾಳ ಹಾಕಿಸುವಾಗ ನಾನು ಕಾಯುವುದೂ ಅದನ್ನೇ.

ಹಾಗಂತ ಆಡುವ ಮಕ್ಕಳೆಲ್ಲ ಕಿವಿಯಿಂದಲೇ ಆಡುತ್ತಾರೆ ಅಂತಿಲ್ಲ. ಬರೀ ಕಣ್ಣಿನಿಂದ ಆಡುವವರೂ ಇದ್ದಾರೆ. ನಿಮ್ಮ ಮಗ ಯಾವ ಕಡೆ ಅಂತ ತಿಳಿಯಲು ಫೋನಿನ ದನಿ ಪೂರ್ತಿ ತೆಗೆದು ಅದೇ ಹಾಡು ಆಡಲು ಹೇಳಿ. ಅಂಕ ಅಷ್ಟೇ ಬಂದರೆ ಕಣ್ಣೇ ಕೆಲಸ ಮಾಡುತ್ತಿದೆ, ಹಾಡು ಹಿನ್ನೆಲೆಗೆ ಮಾತ್ರ. ಅಂಕ ಕುಸಿದರೆ ಖುಷಿಪಡಿ, ಕಿವಿ ಕೆಲಸ ಮಾಡುತ್ತಿದೆ. ಆಮೇಲೆ ದನಿ ವಾಪಸ್ ಕೊಟ್ಟು, ಪರದೆಯ ಮೇಲರ್ಧಕ್ಕೆ ಒಂದು ಪೋಸ್ಟ್ ಕಾರ್ಡ್ ಅಡ್ಡ ಹಿಡಿಯಿರಿ. ಪಟ್ಟಿ ಬರುವುದು ಕೊನೇ ಗಳಿಗೆಯಲ್ಲಿ ಕಾಣುವುದರಿಂದ ಕಣ್ಣನ್ನು ನಂಬಿ ಕೂರುವ ಹಾಗಿಲ್ಲ. ಕಂಪ್ಯೂಟರಿನಲ್ಲಿ ಆಡುವ ‘ಓಸು’ ಆಟದಲ್ಲಿ ಇದಕ್ಕೇ ಅಂತ ‘ಹಿಡನ್’ ಅನ್ನುವ ವ್ಯವಸ್ಥೆ ಇದೆ, ಅದರಲ್ಲಿ ಗುರುತುಗಳು ಹೊಡೆಯುವ ಮೊದಲೇ ಮಾಸಿಹೋಗುತ್ತವೆ.

ಇನ್ನೊಂದು ಮಾತು. ಈ ಆಟಗಳಿಂದ ಬಂದ ಒಬ್ಬ ಹುಡುಗ ನನ್ನ ಹತ್ತಿರ ಮೃದಂಗ ಕಲಿಯುತ್ತಿದ್ದಾನೆ. ಪೆಟ್ಟು ಎಲ್ಲಿ ಬೀಳಬೇಕು ಅನ್ನೋದು ಅವನಿಗೆ ಹೇಳಿಕೊಡಬೇಕಾಗಲೇ ಇಲ್ಲ. ಐದು ಎಣಿಕೆಯ ಖಂಡ ಚಾಪು ತಾಳದ ‘ತಕ ತಕಿಟ’ ಒಂದೇ ಸಲಕ್ಕೆ ಹಿಡಿದ. ಕಷ್ಟವಾಗಿದ್ದು ಕಾರ್ವೆ, ಅಂದರೆ ಸದ್ದಿಲ್ಲದ ಜಾಗ. ‘ತಕ’ ಆದಮೇಲೆ ಎರಡು ಎಣಿಕೆ ಸುಮ್ಮನಿರು ಅಂದರೆ ಕೈ ತಡೆಯುವುದೇ ಇಲ್ಲ, ಮುಂದಿನ ಪೆಟ್ಟಿಗೆ ಹಾರಿಬಿಡುತ್ತದೆ. ಆಟದಲ್ಲಿ ಪೆಟ್ಟಿಗೆ ಗುರುತು ಇದೆ, ಮೌನಕ್ಕೆ ಗುರುತು ಇಲ್ಲ, ಪರದೆ ಖಾಲಿ ಇರುತ್ತದೆ ಅಷ್ಟೆ. ಈಗ ಅವನಿಗೆ ಆಡುವಾಗಲೂ ಬಾಯಲ್ಲಿ ಎಣಿಸು ಅಂದಿದ್ದೇನೆ. ಖಾಲಿ ಜಾಗದಲ್ಲಿ ತುಟಿ ಅಲ್ಲಾಡುತ್ತಾ ಇರುತ್ತದೆ. ಪಾಠದಲ್ಲೂ ಕಾರ್ವೆ ನಿಲ್ಲತೊಡಗಿದೆ.

ನಿಮ್ಮ ಮಗನಿಗೆ ಒಂದು ಬೇರೆ ಆಟವನ್ನೂ ತೋರಿಸಿ ಅಂತ ಕೇಳಿಕೊಳ್ಳುತ್ತೇನೆ. ಜಪಾನಿನ ನಾಮ್ಕೊ ಕಂಪನಿಯ ‘ತೈಕೊ ನೊ ತತ್ಸುಜಿನ್’, 2001ರಲ್ಲಿ ಶುರುವಾಗಿದ್ದು. ತೈಕೊ ಅಂದರೆ ಅವರ ದೊಡ್ಡ ಡೋಲು. ಕೆಂಪು ಗುರುತು ಬಂದರೆ ಡೋಲಿನ ನಡುವೆ, ನೀಲಿ ಬಂದರೆ ಅಂಚಿನ ಮೇಲೆ. ನಡುವಿನ ಪೆಟ್ಟಿಗೆ ‘ದೊನ್’, ಅಂಚಿನದಕ್ಕೆ ‘ಕ’ ಅನ್ನುತ್ತಾರೆ. ಗುರುತು ದೊಡ್ಡದಿದ್ದರೆ ಎರಡೂ ಕೈ. ಅಂದರೆ ಪೆಟ್ಟಿನ ಕಾಲದ ಜೊತೆ ಪೆಟ್ಟಿನ ಜಾಗವೂ ಮುಖ್ಯ. ಒಂದೇ ಡೋಲಿನಲ್ಲಿ ಎರಡು ನಾದ ಇದೆ ಅಂತ ಮಗುವಿಗೆ ಗೊತ್ತಾಗುವ ಈ ಕ್ಷಣ ನನಗೆ ಬಹಳ ಇಷ್ಟ. ಮೃದಂಗದ ಬಲಗಡೆ ‘ನಂ’ ಬೇರೆ, ‘ದಿಂ’ ಬೇರೆ ಅಂತ ಹೇಳುವಾಗ ಅಂಥ ಮಗುವಿಗೆ ಅರ್ಧ ಪಾಠ ಆಗಲೇ ಆಗಿರುತ್ತದೆ.

ಊಟಕ್ಕೆ ಏಳದಿದ್ದರೆ ಮಾತ್ರ ಫೋನು ತೆಗೆದಿಡಿ. ಆಮೇಲೆ ಅದೇ ಹಾಡಿಗೆ ತೊಡೆ ಮೇಲೆ ತಾಳ ಹಾಕು ಅನ್ನಿ. ಹಾಕಿದರೆ ಕಲಿತಿದ್ದಾನೆ.

ಪ್ರಶ್ನೆ: ನಾನು ಆಡುವಾಗ ಎಷ್ಟು ಸರಿಯಾಗಿ ಒತ್ತಿದರೂ ‘ಲೇಟ್, ಲೇಟ್’ ಅಂತಲೇ ತೋರಿಸುತ್ತೆ. ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಆಡ್ತೀನಿ, ಯಾಕಂದ್ರೆ ನಮ್ಮ ಮನೆ ತಗಡಿನ ಮಾಡು, ಮಳೆ ಸದ್ದಿಗೆ ಸ್ಪೀಕರ್ ಏನೂ ಕೇಳಲ್ಲ. ನನ್ನ ತಾಳವೇ ಸರಿ ಇಲ್ವಾ?
— ಒಬ್ಬ ಡಿಪ್ಲೊಮಾ ವಿದ್ಯಾರ್ಥಿ, ಹೊಸನಗರ

ಉತ್ತರ: ನಿನ್ನ ತಾಳದ ಮೇಲೆ ಅನುಮಾನ ಬೇಡ ತಮ್ಮಾ. ತಪ್ಪು ಇಯರ್‌ಫೋನಿನದು.

ಬ್ಲೂಟೂತ್‌ನಲ್ಲಿ ಫೋನು ಸದ್ದನ್ನು ಮೊದಲು ಕುಗ್ಗಿಸುತ್ತದೆ, ತುಂಡು ತುಂಡಾಗಿ ಕಳಿಸುತ್ತದೆ. ಇಯರ್‌ಫೋನು ಆ ತುಂಡುಗಳನ್ನು ಸ್ವಲ್ಪ ಕೂಡಿಟ್ಟುಕೊಂಡು, ಬಿಡಿಸಿ, ನುಡಿಸುತ್ತದೆ. ಇಷ್ಟಕ್ಕೆ ಸಾಮಾನ್ಯವಾಗಿ ನೂರರಿಂದ ಇನ್ನೂರು ಮಿಲಿಸೆಕೆಂಡು ಹಿಡಿಯುತ್ತದೆ, ಕೆಲವಕ್ಕೆ ಇನ್ನೂ ಜಾಸ್ತಿ. ನೀನು ರಾತ್ರಿ ಬಯಲಾಟಕ್ಕೆ ಹೋಗಿ ತುಂಬಾ ಹಿಂದೆ ನಿಂತಿದ್ದರೆ ಗಮನಿಸಿರುತ್ತೀಯ, ಚಂಡೆಯ ಕೋಲು ಬಿದ್ದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಇನ್ನೂರು ಮಿಲಿಸೆಕೆಂಡು ತಡ ಅಂದರೆ ನೀನು ರಂಗಸ್ಥಳದಿಂದ ಎಪ್ಪತ್ತು ಮೀಟರ್ ಹತ್ತಿರಹತ್ತಿರ ದೂರ ನಿಂತು ಆಡಿದ ಲೆಕ್ಕ. ನಿನಗೆ ಕೇಳಿದ ಸದ್ದಿಗೆ ನೀನು ಸರಿಯಾಗಿಯೇ ಒತ್ತಿದ್ದೀಯ. ಆ ಸದ್ದೇ ಹಳೆಯದು.

ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ, ಏಕೆಂದರೆ ಫೋನು ಚಿತ್ರವನ್ನೂ ಅಷ್ಟೇ ತಡ ಮಾಡಿ ಹೊಂದಿಸಿಬಿಡುತ್ತದೆ. ನಿನ್ನ ಬೆರಳನ್ನು ಅದು ತಡ ಮಾಡಲಾಗುವುದಿಲ್ಲವಲ್ಲ.

ಆಟದ ಸೆಟ್ಟಿಂಗ್‌ನಲ್ಲಿ ‘ಕ್ಯಾಲಿಬ್ರೇಷನ್’ ಅಥವಾ ‘ಆಫ್‌ಸೆಟ್’ ಹುಡುಕು. ಟಿಕ್ ಟಿಕ್ ಅಂತ ಸದ್ದು ಬರುತ್ತದೆ, ಅದಕ್ಕೆ ಒತ್ತುತ್ತಾ ಹೋದರೆ ಎಷ್ಟು ತಡ ಅಂತ ಆಟವೇ ಲೆಕ್ಕ ಹಾಕಿ ತೀರ್ಪನ್ನು ಸರಿಸಿಕೊಳ್ಳುತ್ತದೆ. ‘ಲೇಟ್’ ಅನ್ನುವುದು ನಿಲ್ಲುತ್ತದೆ. ಆದರೆ ಒತ್ತಿದರೆ ನಾದ ಬರುವಂಥ ಆಟ ಇದ್ದರೆ, ಪಿಯಾನೊ ಆಗಲಿ ಡೋಲಾಗಲಿ, ಇದರಿಂದ ಪೂರ್ತಿ ಸರಿಹೋಗದು. ನಿನ್ನ ಪೆಟ್ಟಿನ ಸದ್ದು ಆಗಲೂ ತಡವಾಗಿಯೇ ಬರುತ್ತದೆ, ಅದು ಕೈಯನ್ನು ಹಿಂದಕ್ಕೆ ಎಳೆಯುತ್ತದೆ. ಅದಕ್ಕೆ ವೈರ್ ಇರುವ ಇಯರ್‌ಫೋನೇ ಬೇಕು. ಫೋನಿನಲ್ಲಿ ದುಂಡು ತೂತು ಇಲ್ಲದಿದ್ದರೆ ಚಾರ್ಜರ್ ಚುಚ್ಚುವ ಜಾಗಕ್ಕೇ ಹಾಕುವಂಥದ್ದು ಸಿಗುತ್ತದೆ. ಕಿವಿ ತುಂಬ ಕೂರುವ ರಬ್ಬರಿನ ತುದಿ ಇರುವಂಥದ್ದು ತಗೋ. ಮಳೆ ಸದ್ದಿಗೆ ವಾಲ್ಯೂಮ್ ಏರಿಸುವುದು ತಪ್ಪುತ್ತದೆ.

ಪ್ರಶ್ನೆ: ಮೊಮ್ಮಗಳು ಟಿ.ವಿ. ಮುಂದೆ ಮೈಕು ಹಿಡಿದು ಹಾಡುವ ಆಟ ಆಡುತ್ತಾಳೆ. ಆಟವೇ ಅಂಕ ಕೊಡುತ್ತದೆ. ನಾನೂ ಹಾಡಿದೆ. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಹಾಡಿಕೊಂಡು ಬಂದವನು ನಾನು. ನನಗೆ ಅವಳಿಗಿಂತ ಕಡಿಮೆ ಅಂಕ! ‘ತಾತಂಗೆ ಶ್ರುತಿ ಇಲ್ಲ’ ಅಂತ ನಗುತ್ತಾಳೆ. ಈ ಯಂತ್ರಕ್ಕೆ ಏನು ಕೇಳಿಸುತ್ತದೆ ಮೇಷ್ಟ್ರೇ?
— ಒಬ್ಬ ನಿವೃತ್ತರು, ಶಿವಮೊಗ್ಗ

ಉತ್ತರ: ಹಿರಿಯರೇ, ನಿಮ್ಮ ಶ್ರುತಿಗೆ ಏನೂ ಆಗಿಲ್ಲ. ಯಂತ್ರಕ್ಕೆ ನಿಮ್ಮ ಗಮಕ, ಅಂದರೆ ಸ್ವರವನ್ನು ಅಲುಗಿಸುವುದು, ಜಾರಿಸುವುದು ಕೇಳಿಸಿದೆ, ಅದು ಏನೆಂದು ಅರ್ಥವಾಗಿಲ್ಲ.

ಈ ಬಗೆಯ ಆಟ ಮನೆಮನೆಗೆ ಹೋಗಲು ಒಂದು ಕಾರಣ 2004ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ‘ಸಿಂಗ್‌ಸ್ಟಾರ್’. ಹಾಡು ನಡೆಯುವಾಗ ಪರದೆ ಮೇಲೆ ಅಡ್ಡಡ್ಡ ಪಟ್ಟಿಗಳು ಸಾಗುತ್ತವೆ. ಪಟ್ಟಿ ಮೇಲಿದ್ದರೆ ಮೇಲಿನ ಸ್ವರ, ಕೆಳಗಿದ್ದರೆ ಕೆಳಗಿನ ಸ್ವರ. ಮೈಕಿನಲ್ಲಿ ಬಂದ ದನಿ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತಿದೆ ಅಂತ ಆಟ ಅಳೆಯುತ್ತದೆ, ಆ ಪಟ್ಟಿಯ ಜೊತೆ ಹೋಲಿಸುತ್ತದೆ, ಹೊಂದಿದಷ್ಟು ಹೊತ್ತಿಗೆ ಅಂಕ ಕೊಡುತ್ತದೆ. ಸಿಂಗ್‌ಸ್ಟಾರ್‌ನಲ್ಲಿ ಮಾತು ಬಿಟ್ಟು ಬರೀ ಗುನುಗಿದರೂ ಅಂಕ ಬರುತ್ತಿತ್ತು. ಒಂದು ಸ್ಥಾಯಿ ಕೆಳಗೆ ಹಾಡಿದರೂ ನಡೆಯುತ್ತಿತ್ತು.

ಈಗ ಆ ಪಟ್ಟಿಯನ್ನು ನೋಡಿ. ಅದು ನೇರ ಗೆರೆ. ಒಂದು ಸ್ವರ, ಒಂದು ಎತ್ತರ, ಇಷ್ಟು ಹೊತ್ತು. ನಮ್ಮ ತೋಡಿ ರಾಗದ ಗಾಂಧಾರ ಸ್ವರವನ್ನು ಇದರಲ್ಲಿ ಎಲ್ಲಿ ಇಡುತ್ತೀರಿ? ಅದು ನಿಂತಲ್ಲಿ ನಿಲ್ಲುವುದೇ ಇಲ್ಲ. ಅಲುಗುವುದರಲ್ಲೇ ಅದರ ಜೀವ ಇದೆ. ಅಲುಗಿಸದೆ ನೇರವಾಗಿ ಹಿಡಿದರೆ ಪಾಠದಲ್ಲಿ ಬೈಸಿಕೊಳ್ಳುತ್ತೇವೆ, ಇಲ್ಲಿ ಪೂರ್ತಿ ಅಂಕ. ಬಹಳ ವರ್ಷ ಸಾಧನೆ ಮಾಡಿದ ಕಂಠ ಸಿನಿಮಾ ಹಾಡು ಹಾಡಿದರೂ ಸ್ವರದಿಂದ ಸ್ವರಕ್ಕೆ ಜಾರುತ್ತಾ ಹೋಗುತ್ತದೆ. ಆ ಜಾರು ಸಾಗುವಷ್ಟು ಹೊತ್ತೂ ಯಂತ್ರದ ಲೆಕ್ಕದಲ್ಲಿ ನೀವು ಪಟ್ಟಿಯ ಹೊರಗಿದ್ದೀರಿ.

ಇನ್ನು ಗಮಕ ವಾಚನಕ್ಕೆ, ಅಂದರೆ ಕಾವ್ಯವನ್ನು ರಾಗದಲ್ಲಿ ಓದುವುದಕ್ಕೆ ಬಂದರಂತೂ ಗೆರೆ ಎಳೆಯುವುದೇ ಆಗದ ಮಾತು. ನಮ್ಮ ತುಂಗೆಯ ದಡದ ಹೊಸಹಳ್ಳಿಯಲ್ಲಿ ಕುಮಾರವ್ಯಾಸನ ಷಟ್ಪದಿ ಓದುವವರು ತಾಳಕ್ಕೆ ಕಟ್ಟುಬೀಳುವುದಿಲ್ಲ. ಅರ್ಥ ನಿಲ್ಲು ಅಂದಲ್ಲಿ ನಿಲ್ಲುತ್ತಾರೆ, ಭಾವ ಓಡು ಅಂದಲ್ಲಿ ಓಡುತ್ತಾರೆ. ಅದೇ ಪದ್ಯವನ್ನು ನಾಳೆ ಇನ್ನೊಂದು ರೀತಿ ಓದುತ್ತಾರೆ. ಎರಡೂ ಸರಿ. ಮೊದಲೇ ಗುರುತು ಹಾಕಿಟ್ಟು, ಅದಕ್ಕೆ ಹೊಂದಿದ್ದನ್ನು ಮಾತ್ರ ಸರಿ ಅನ್ನುವ ಆಟಕ್ಕೆ ಇದು ನಿಲುಕದು. ಸಂಗೀತದಲ್ಲಿ ಅಳತೆಗೆ ಸಿಗುವ ಭಾಗವನ್ನು ಈ ಆಟಗಳು ಚೆನ್ನಾಗಿ ಕಲಿಸುತ್ತವೆ. ಮಿಕ್ಕ ಭಾಗ ಮನುಷ್ಯರ ಹತ್ತಿರವೇ ಕಲಿಯಬೇಕು.

ಮೊಮ್ಮಗಳ ಆಟ ಬಿಡಿಸಬೇಡಿ. ಎಳೆ ಕಂಠ ಅಲ್ಲಾಡದೆ ಒಂದು ಸ್ವರದಲ್ಲಿ ನಿಲ್ಲುವುದನ್ನೇ ಸರಳೆ ವರಸೆಯಲ್ಲಿ ನಾವೂ ಮೊದಲು ಹೇಳಿಕೊಡುವುದು. ಅದು ಅವಳಿಗೆ ಆಟದಲ್ಲಿ ಸಿಕ್ಕಿದೆ. ಒಂದು ಸಂಜೆ ಶ್ರುತಿ ಪೆಟ್ಟಿಗೆ ಹಾಕಿ, ಅವಳು ಗೆದ್ದ ಅದೇ ಹಾಡನ್ನು ನಿಧಾನವಾಗಿ ಹಾಡಿ ತೋರಿಸಿ. ಸ್ವರಗಳ ನಡುವೆ ನೀವು ಏನು ಮಾಡುತ್ತೀರಿ ಅಂತ ಅವಳೇ ಕೇಳುತ್ತಾಳೆ. ಪಟ್ಟಿ ನೋಡಿ ಪಳಗಿದ ಕಿವಿಗೆ ಪಟ್ಟಿಯಲ್ಲಿ ಇಲ್ಲದ್ದು ಬೇಗ ಗೊತ್ತಾಗುತ್ತದೆ.

ಪ್ರಶ್ನೆ: ತಮ್ಮನಿಗೆ ಕಣ್ಣು ಕಾಣುವುದಿಲ್ಲ. ತಬಲಾ ಕಲಿಯುತ್ತಿದ್ದಾನೆ. ಮನೆಯಲ್ಲಿ ಉಳಿದವರು ಇಂಥ ಆಟ ಆಡುವಾಗ ಅವನು ಸುಮ್ಮನೆ ಕೂತಿರುತ್ತಾನೆ, ನೋಡೋಕಾಗಲ್ಲ. ಅವನಿಗೆ ಆಗುವಂಥದ್ದು ಇದೆಯೇ?
— ಒಬ್ಬ ಅಕ್ಕ, ಕೊಪ್ಪ

ಉತ್ತರ: ಇದೆ ತಂಗೀ. ಕಿವಿಯೊಂದನ್ನೇ ನಂಬಿದ ಆಟಗಳನ್ನು ಮಾಡಿದವರೂ ಇದ್ದಾರೆ. ಜಪಾನಿನಲ್ಲಿ 1997ರಲ್ಲಿ ‘ರಿಯಲ್ ಸೌಂಡ್’ ಅನ್ನುವ ಆಟ ಬಂತು, ಚಿತ್ರವೇ ಇಲ್ಲದ್ದು. ಕಣ್ಣಿಲ್ಲದವರೂ ಇದ್ದವರೂ ಸಮನಾಗಿ ಆಡಲಿ ಅಂತ ಕೆಂಜಿ ಎನೊ ಅನ್ನುವವರು ಮಾಡಿದ್ದು. ಅದು ಕಥೆಯ ಆಟ. ತಾಳದ ಆಟದಲ್ಲಿ ನಿಂಟೆಂಡೊ 2006ರಲ್ಲಿ ಶುರು ಮಾಡಿದ ‘ರಿದಮ್ ತೆಂಗೊಕು’ ಸಾಲಿನವು ನಿಮ್ಮ ತಮ್ಮನಿಗೆ ಹತ್ತಿರ. ಅದರಲ್ಲಿ ಪೆಟ್ಟಿಗೆ ಮುಂಚೆ ಸದ್ದಿನಲ್ಲೇ ಸೂಚನೆ ಬರುತ್ತದೆ. ಸುಮಾರು ಭಾಗಗಳನ್ನು ಕಣ್ಣು ಮುಚ್ಚಿ ಆಡಬಹುದು. ಮೆನು ಓದಿ ಹೇಳಲು ಮಾತ್ರ ನೀವು ಪಕ್ಕದಲ್ಲಿರಬೇಕು.

1996ರ ‘ಪರಪ್ಪಾ ದ ರ‍್ಯಾಪರ್’ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಅದರ ರೀತಿ ನನಗೆ ಅಷ್ಟು ಇಷ್ಟ. ಗುರು ಒಂದು ಸಾಲು ಹೇಳುತ್ತಾನೆ, ಶಿಷ್ಯ ಅದನ್ನು ತಿರುಗಿ ಹೇಳಬೇಕು. ನಮ್ಮ ಪಾಠವೂ ಇದೇ ಅಲ್ವಾ? ಚೆನ್ನಾಗಿ ಹೇಳುತ್ತಾ ಹೋದರೆ ಗುರು ಪಕ್ಕಕ್ಕೆ ಸರಿದುಬಿಡುತ್ತಾನೆ, ಶಿಷ್ಯ ತನಗೆ ತೋಚಿದ ಹಾಗೆ ನುಡಿಸಬಹುದು. ಕಚೇರಿಯಲ್ಲಿ ಮೃದಂಗದವರೊಬ್ಬರೇ ನುಡಿಸಲಿ ಅಂತ ತನಿ ಆವರ್ತನ ಕೊಟ್ಟ ಹಾಗೆ! ಇದನ್ನು ಆಡಲು ಯಂತ್ರವೇ ಬೇಕಿಲ್ಲ. ಊಟ ಆದಮೇಲೆ ಎಲ್ಲರೂ ಸುತ್ತ ಕೂತುಕೊಳ್ಳಿ. ತಮ್ಮ ‘ಧಾ ಧಾ ತಿರಕಿಟ’ ಅಂತ ಒಂದು ಬೋಲ್ ಹೇಳಲಿ. ಮುಂದಿನವರು ಅದನ್ನು ಹೇಳಿ ತಮ್ಮದೊಂದು ಸೇರಿಸಲಿ. ಬಿಟ್ಟವರು ಹೊರಗೆ. ಅವನೇ ಗೆಲ್ಲುತ್ತಾನೆ, ನೋಡಿ.

ಪ್ರಶ್ನೆ: ಇಂಥ ಆಟಗಳಲ್ಲಿ ಯಾಕೆ ಬರೀ ಜಪಾನು, ಅಮೆರಿಕದ ಹಾಡು? ನಮ್ಮ ಚಂಡೆ ಮದ್ದಳೆ ಹಾಕಿ ಆಡೋಕಾಗಲ್ವಾ? ನನ್ನ ಹತ್ತಿರ ಲ್ಯಾಪ್‌ಟಾಪ್ ಇದೆ, ನಮ್ಮೂರ ಮೇಳದವರು ಪರಿಚಯ.
— ಒಬ್ಬ ಬಿ.ಎಸ್ಸಿ. ವಿದ್ಯಾರ್ಥಿನಿ, ಸಾಗರ

ಉತ್ತರ: ಆಗುತ್ತೆ, ಮತ್ತೆ ನೀನೇ ಮಾಡಬಹುದು. ಆಸ್ಟ್ರೇಲಿಯದ ಡೀನ್ ಹರ್ಬರ್ಟ್ 2007ರಲ್ಲಿ ಹೊರತಂದ ‘ಓಸು’ ಉಚಿತ. ಅದರ ಒಳಗೇ ಹಾಡಿಗೆ ಗುರುತು ಕೂರಿಸುವ ವ್ಯವಸ್ಥೆ ಇದೆ. ಅದರಲ್ಲಿ ಆಡುವ ನಕ್ಷೆಗಳನ್ನು, ಅಂದರೆ ಹೀಗೆ ಗುರುತು ಕೂರಿಸಿದ ಹಾಡುಗಳನ್ನು, ಆಟಗಾರರೇ ಮಾಡಿದ್ದಾರೆ. ತೈಕೊ ರೀತಿಯ ಕೆಂಪು–ನೀಲಿ ಪೆಟ್ಟಿನ ಆಟವೂ ಅದರಲ್ಲೇ ಇದೆ. ಚಂಡೆಗೆ ಅದನ್ನೇ ಆರಿಸಿಕೋ.

ಮೊದಲು ಹಾಡಿನ ವೇಗ ಕೊಡಬೇಕು, ನಿಮಿಷಕ್ಕೆ ಎಷ್ಟು ಎಣಿಕೆ ಅಂತ. ಆಮೇಲೆ ಮೊದಲ ಪೆಟ್ಟು ಎಷ್ಟನೇ ಮಿಲಿಸೆಕೆಂಡಿಗೆ ಬೀಳುತ್ತದೆ ಅಂತ. ಈಗಿನ ಸಿನಿಮಾ ಹಾಡಾದರೆ ಅಷ್ಟು ಸಾಕು, ಏಕೆಂದರೆ ಅದನ್ನು ಸಾಮಾನ್ಯವಾಗಿ ಒಂದೇ ವೇಗದ ಕ್ಲಿಕ್ ಕೇಳಿಕೊಂಡು ನುಡಿಸಿರುತ್ತಾರೆ. ಯಕ್ಷಗಾನ ಹಾಗಲ್ಲ. ಭಾಗವತರು ಯುದ್ಧದ ಪದ ಎತ್ತಿಕೊಂಡರೆ ವೇಗ ಏರುತ್ತಲೇ ಹೋಗುತ್ತದೆ, ಚಂಡೆಯವರು ಅವರ ಜೊತೆ ಏರುತ್ತಾರೆ. ಒಂದೇ ವೇಗ ಕೊಟ್ಟರೆ ಸ್ವಲ್ಪ ಹೊತ್ತಿಗೇ ಗುರುತೊಂದು ಕಡೆ, ಪೆಟ್ಟೊಂದು ಕಡೆ ಆಗುತ್ತದೆ. ಅದಕ್ಕೆ ಆ ವ್ಯವಸ್ಥೆಯಲ್ಲಿ ಕೆಂಪು ಗೆರೆಗಳಿವೆ. ಒಂದೊಂದು ಗೆರೆಯಿಂದ ಹೊಸ ವೇಗ ಶುರು. ಆವರ್ತನಕ್ಕೊಂದು, ಅಂದರೆ ತಾಳದ ಸುತ್ತಿಗೊಂದು ಕೆಂಪು ಗೆರೆ ಹಾಕಬೇಕಾದೀತು, ಬೇಸರ ಮಾಡಿಕೊಳ್ಳಬೇಡ. ಎಣಿಕೆಯನ್ನು ಮೂರಾಗಿ ಸೀಳಿದರೆ ತಿಶ್ರ, ನಾಲ್ಕಾಗಿ ಸೀಳಿದರೆ ಚತುರಶ್ರ. ಎರಡಕ್ಕೂ ಅಲ್ಲಿ ಜಾಗ ಇದೆ.

ಈ ಕೆಲಸ ಮಾಡುವಾಗ ನೀನು ಒಂದೇ ಪದವನ್ನು ಮತ್ತೆ ಮತ್ತೆ ಕೇಳುತ್ತೀಯ, ವೇಗ ಅರ್ಧಕ್ಕೆ ಇಳಿಸಿ ಕೇಳುತ್ತೀಯ. ಚಂಡೆ ಎಲ್ಲಿ ಮದ್ದಳೆಗೆ ಜಾಗ ಬಿಡುತ್ತದೆ, ಭಾಗವತರ ಉಸಿರು ಎಲ್ಲಿ ಬೀಳುತ್ತದೆ, ಎಲ್ಲ ಗೊತ್ತಾಗುತ್ತದೆ. ಆಡುವವರಿಗಿಂತ ನಕ್ಷೆ ಮಾಡುವವರಿಗೇ ಜಾಸ್ತಿ ಸಂಗೀತ ಸಿಗುತ್ತದೆ ಅಂತ ನನ್ನ ನಂಬಿಕೆ. 2005ರಲ್ಲಿ ಅಮೆರಿಕದಲ್ಲಿ ಬಂದ ‘ಗಿಟಾರ್ ಹೀರೊ’ದಲ್ಲಿ ಇದಕ್ಕೆ ಹತ್ತಿರದ ಒಂದು ಉಪಾಯ ಇತ್ತು. ಆಡುವವರು ಪೆಟ್ಟು ತಪ್ಪಿದರೆ ಹಾಡಿನೊಳಗಿನ ಗಿಟಾರ್ ಒಂದೇ ನಿಂತುಹೋಗುತ್ತದೆ, ಮಿಕ್ಕ ವಾದ್ಯಗಳು ನಡೆಯುತ್ತಲೇ ಇರುತ್ತವೆ. ಇಲ್ಲದೆ ಹೋದಾಗಲೇ ಆ ವಾದ್ಯ ಏನು ಮಾಡುತ್ತಿತ್ತು ಅಂತ ಕಿವಿಗೆ ತಿಳಿಯುವುದು. ಆದರೆ ಅದಕ್ಕೆ ಪ್ರತಿ ವಾದ್ಯವನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿರಬೇಕು. ಹಾಗಾಗಿ ಮೇಳದವರು ಒಪ್ಪಿದರೆ ಚಂಡೆಗೊಂದು, ಮದ್ದಳೆಗೊಂದು, ಭಾಗವತರಿಗೊಂದು ಮೈಕು ಇಟ್ಟು ರೆಕಾರ್ಡ್ ಮಾಡಿಕೋ. ಮುಂದೆ ಬೇಕಾಗುತ್ತದೆ. ಕ್ಯಾಸೆಟ್ಟಿನಿಂದಲೋ ಯಾರದ್ದೋ ವಿಡಿಯೊದಿಂದಲೋ ಎತ್ತಬೇಡ. ಹಾಡಿದವರ ಒಪ್ಪಿಗೆ ಕೇಳು, ಅವರ ಹೆಸರು ಹಾಕು.

ಮೊದಲಿಗೆ ಯುದ್ಧದ ಪದ ಬೇಡ. ನಿಧಾನದ ಏಕತಾಳದ್ದೊಂದು ತಗೋ, ಎರಡು ನಿಮಿಷದ್ದು ಸಾಕು. ನಕ್ಷೆ ಆದಮೇಲೆ ಪತ್ರಿಕೆಯ ವಿಳಾಸಕ್ಕೆ ಕಳಿಸು. ನನ್ನ ಶಿಷ್ಯರಿಗೆ ಕೊಟ್ಟು ಆಡಿಸಿ, ಎಲ್ಲೆಲ್ಲಿ ಗೆರೆ ಸರಿದಿದೆ ಅಂತ ಬರೆದು ತಿಳಿಸುತ್ತೇನೆ.